ನೂರಕ್ಕೆ 82 ತೆಗೆದ ಚಂಗು

ಭದ್ರಾವತಿಯಲ್ಲಿ ‘ರ‍್ಯಾಲಿ’ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಾವುಟ, ಘೋಷಣೆ, ಬಿ.ಎಚ್. ರಸ್ತೆಯಲ್ಲಿ ಸಾಲಾಗಿ ನಿಂತ ಬಸ್ಸುಗಳು. ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ, 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ಸುದ್ದಿ ಬಂದ ಮೇಲೆ ನಮ್ಮೂರು ನೋಡಿದ್ದೆಲ್ಲ ಅಂಥ ರ‍್ಯಾಲಿಗಳೇ. ಹಾಗಾಗಿ ‘ನಮ್ಮ ಚಂಗು ರ‍್ಯಾಲಿಗೆ ಹೋಗ್ತಾನೆ’ ಅಂತ ನಾನು ಹೇಳಿದಾಗ ಅಪ್ಪ ಪೇಪರಿನಿಂದ ತಲೆ ಎತ್ತಿ ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಯೂನಿಯನ್ನು?’

ಚಂಗು ನಾಯಿ. ಅವನು ಹೊರಟಿದ್ದು ‘ರ‍್ಯಾಲಿ ಒಬೀಡಿಯನ್ಸ್’ ಎಂಬ ಸ್ಪರ್ಧೆಗೆ. ನಾಯಿ ಮತ್ತು ಅದನ್ನು ಹಿಡಿದುಕೊಂಡವರು, ಇಬ್ಬರೂ ಸೇರಿ ಬರೆಯುವ ಪರೀಕ್ಷೆ ಅದು. ಕಾರ್ ರ‍್ಯಾಲಿಯಲ್ಲಿ ದಾರಿಯುದ್ದಕ್ಕೂ ಸೂಚನೆ ನೋಡಿಕೊಂಡು ಗಾಡಿ ಓಡಿಸುವ ಹಾಗೆ, ಇಲ್ಲಿ ಮೈದಾನದಲ್ಲಿ ನಂಬರ್ ಹಾಕಿದ ಬೋರ್ಡುಗಳನ್ನು ನೆಟ್ಟಿರುತ್ತಾರೆ. ‘ನಿಲ್ಲಿ, ಕೂರಿಸಿ’, ‘ಎಡಕ್ಕೆ 270 ಡಿಗ್ರಿ ತಿರುಗಿ’, ‘ನಿಧಾನ ನಡಿಗೆ’, ‘ನಾಯಿಯನ್ನು ಕೂರಿಸಿ ಅದರ ಸುತ್ತ ಒಂದು ಸುತ್ತು ಬನ್ನಿ’ ಹೀಗೆ ಒಂದೊಂದರಲ್ಲೂ ಒಂದೊಂದು ಕೆಲಸ. ನಾಯಿ ನಿಮ್ಮ ಎಡಗಾಲಿನ ಪಕ್ಕದಲ್ಲೇ ನಡೆಯಬೇಕು. ಜಡ್ಜ್ ಶುರುವಿನಲ್ಲಿ ‘ರೆಡಿನಾ?’ ಅಂತ ಕೇಳಿ ‘ಫಾರ್ವರ್ಡ್’ ಅಂದರೆ ಮುಗಿಯಿತು, ಆಮೇಲೆ ಅವರು ಏನೂ ಹೇಳುವುದಿಲ್ಲ. ಬೋರ್ಡನ್ನು ನೀವೇ ಓದಿಕೊಂಡು, ನಾಯಿಗೆ ನೀವೇ ಹೇಳಿಕೊಂಡು ಕೊನೆ ಮುಟ್ಟಬೇಕು.

ಇದರ ಹಿಂದೆ ಒಂದು ಹಳೆಯ ಕಥೆ ಇದೆ. 1933ರಲ್ಲಿ ಅಮೆರಿಕದ ಹೆಲೆನ್ ವೈಟ್‌ಹೌಸ್ ವಾಕರ್ ಎಂಬ ಮಹಿಳೆ ನ್ಯೂಯಾರ್ಕ್ ಹತ್ತಿರದ ಮೌಂಟ್ ಕಿಸ್ಕೊದಲ್ಲಿ ನಾಯಿಗಳಿಗೊಂದು ವಿಧೇಯತೆಯ ಪರೀಕ್ಷೆ ನಡೆಸಿದರು. ಬಂದಿದ್ದು ಎಂಟು ನಾಯಿಗಳು. ಆಕೆ ಸಾಕಿದ್ದು ಪೂಡಲ್‌ಗಳನ್ನು. ಪೂಡಲ್ ಅಂದರೆ ಕೂದಲು ಬಾಚಿಸಿಕೊಂಡು ಸೋಫಾ ಮೇಲೆ ಕೂರುವ ಶೋಕಿ ನಾಯಿ ಅಂತ ಆಡಿಕೊಳ್ಳುತ್ತಿದ್ದವರಿಗೆ ಉತ್ತರ ಕೊಡಬೇಕಿತ್ತು. ಆ ಪರೀಕ್ಷೆ ಬೆಳೆದು ಒಬೀಡಿಯನ್ಸ್ ಟ್ರಯಲ್ ಆಯಿತು. ಆದರೆ ಅದು ಬಹಳ ಕಟ್ಟುನಿಟ್ಟು. ಆಜ್ಞೆ ಒಂದೇ ಸಲ, ಆಮೇಲೆ ಮೌನ. ನಾಯಿಯನ್ನು ಹುರಿದುಂಬಿಸುವ ಹಾಗಿಲ್ಲ. ಚಾರ್ಲ್ಸ್ ‘ಬಡ್’ ಕ್ರೇಮರ್ ಎಂಬವರು ಇದಕ್ಕೆ ಸ್ವಲ್ಪ ಗಾಳಿ ಬೆಳಕು ಬೇಕು ಅಂತ ರ‍್ಯಾಲಿಯನ್ನು ರೂಪಿಸಿದರು. ಅಮೆರಿಕನ್ ಕೆನಲ್ ಕ್ಲಬ್ 2005ರಲ್ಲಿ ಅದನ್ನು ಅಧಿಕೃತ ಸ್ಪರ್ಧೆಯಾಗಿ ಒಪ್ಪಿಕೊಂಡಿತು. ಇದರಲ್ಲಿ ನೀವು ಮಾತಾಡಬಹುದು, ತೊಡೆ ತಟ್ಟಬಹುದು, ‘ಭಲೇ ಮರಿ’ ಅನ್ನಬಹುದು. ಗದರಿದರೆ, ಜಗ್ಗಿದರೆ ಮಾತ್ರ ಅಂಕ ಹೋಗುತ್ತದೆ.

ಅಂಕ ಕೊಡುವ ರೀತಿಯೂ ನಮ್ಮ ಪರೀಕ್ಷೆಗಳಿಗಿಂತ ಬೇರೆ. ಮೊದಲೇ ನೂರು ಅಂಕ ಕೈಗೆ ಕೊಟ್ಟು, ಆಮೇಲೆ ಒಂದೊಂದಾಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಲೀಶ್ ಬಿಗಿಯಾದರೆ ಒಂದು, ಕೋನಿಗೆ ತಾಗಿದರೆ ಒಂದು. ಒಂದು ಬೋರ್ಡನ್ನು ಮತ್ತೊಮ್ಮೆ ಮಾಡುತ್ತೇನೆ ಅಂದರೆ ಮೂರು, ಪೂರ್ತಿ ತಪ್ಪಾದರೆ ಹತ್ತು. ಕೊನೆಗೆ 70 ಉಳಿದರೆ ಪಾಸ್. ಓಡಿದ ಸಮಯವನ್ನು ಬರೆದುಕೊಳ್ಳುತ್ತಾರೆ, ಆದರೆ ಇಬ್ಬರ ಅಂಕ ಸಮವಾದಾಗ ಮಾತ್ರ ಅದನ್ನು ನೋಡುತ್ತಾರೆ. ಅಂದರೆ ವೇಗಕ್ಕೆ ಇಲ್ಲಿ ಹೆಚ್ಚು ಬೆಲೆ ಇಲ್ಲ. ನಮ್ಮ ಚಂಗುವಿನ ಹತ್ತಿರ ಇದ್ದದ್ದೇ ಅದೊಂದು.

ಅವನು ಮುಧೋಳ ಕ್ರಾಸ್. ಬಾಗಲಕೋಟೆ ಕಡೆ ಕೆಲಸದಲ್ಲಿರುವ ಮಾವ ಎರಡು ವರ್ಷದ ಹಿಂದೆ ಶಾಲು ಸುತ್ತಿ ತಂದುಕೊಟ್ಟ ಮರಿ. ಅಮ್ಮ ನೆಲಕ್ಕೆ ಬಿಟ್ಟ ಕೂಡಲೇ ಚಂಗನೆ ನೆಗೆದು ಅಕ್ಕಿ ಮೂಟೆ ಮೇಲೆ ಕೂತ, ಹೆಸರು ಅಲ್ಲೇ ನಿಂತಿತು. ಮುಧೋಳ ನಾಯಿಯ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. 2005ರಲ್ಲಿ ಅದರ ಅಂಚೆಚೀಟಿ ಬಂತು, ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ, 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಕರೆದುಕೊಂಡು ಹೋದರು. ಆದರೆ ಅದು ಮೂಲತಃ ಬಯಲುಸೀಮೆಯ ಬೇಟೆ ನಾಯಿ. ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ನೋಡಿ ಅಟ್ಟಿಸಿಕೊಂಡು ಹೋಗುವ ಜಾತಿ. ದೂರದಲ್ಲಿ ಏನಾದರೂ ಅಲುಗಾಡಿತೋ, ಕಾಲು ತಾನಾಗೇ ಓಡುತ್ತದೆ. ಮೊಲ ಇಲ್ಲದ ಊರಿನಲ್ಲಿ ಅದು ಸ್ಕೂಟಿ, ಮೇಕೆ, ಕಾಗೆ, ಕ್ರಿಕೆಟ್ ಬಾಲು, ಹಾರುವ ಪ್ಲಾಸ್ಟಿಕ್ ಕವರ್ ಯಾವುದಾದರೂ ಆಗಬಹುದು.

ಕಳೆದ ದೀಪಾವಳಿಗೆ ಮೊದಲು ಅದು ಬೆಕ್ಕಾಯಿತು. ಬೆಳಿಗ್ಗೆ ಅಮ್ಮ ಚಂಗುವನ್ನು ಹೊರಗೆ ಕರೆದುಕೊಂಡು ಹೋಗಿದ್ದರು. ಲೀಶನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಿದ್ದರು. ಬೆಕ್ಕು ಕಾಂಪೌಂಡ್ ಇಳಿದು ಓಡಿತು, ಇಪ್ಪತ್ತನಾಲ್ಕು ಕಿಲೋದ ಚಂಗು ಅದರ ಹಿಂದೆ, ಅಮ್ಮ ಅವನ ಹಿಂದೆ. ಬಲ ಮುಂಗೈ ಮೂಳೆ ಮುರಿದು ಆರು ವಾರ ಪ್ಲಾಸ್ಟರ್. ಒಂದೇ ಕೈಯಲ್ಲಿ ಸ್ನಾನ, ಒಂದೇ ಕೈಯಲ್ಲಿ ಅಡುಗೆ. ಪ್ಲಾಸ್ಟರ್ ಬಿಚ್ಚಿದ ಮೇಲೂ ಅವನ ಬೆಲ್ಟಿನ ಗೆಜ್ಜೆ ಸದ್ದು ಕೇಳಿದರೆ ಅಮ್ಮ ಗೋಡೆ ಕಡೆ ಸರಿದು ನಿಲ್ಲುತ್ತಿದ್ದರು. ಅಪ್ಪ ಬೈಯಲಿಲ್ಲ. ಚನ್ನಗಿರಿ ಹತ್ತಿರ ದೊಡ್ಡಪ್ಪನ ಅಡಿಕೆ ತೋಟ ಇದೆ, ಯುಗಾದಿ ಮುಗಿದ ಮೇಲೆ ಅಲ್ಲಿಗೆ ಕಳಿಸೋಣ ಅಂದರು ಅಷ್ಟೇ. ಆ ತೋಟದ ನಾಯಿಗಳನ್ನು ನಾನು ನೋಡಿದ್ದೇನೆ. ಮೋಟಾರ್ ಶೆಡ್ಡಿನ ಪಕ್ಕ ಆರು ಅಡಿ ಚೈನು, ರಾತ್ರಿ ಬೊಗಳುವ ಕೆಲಸ. ದೊಡ್ಡಪ್ಪ ಕೆಟ್ಟವರೇನಲ್ಲ, ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತಾರೆ. ಆದರೆ ಓಡುವುದಕ್ಕೇ ಹುಟ್ಟಿದ ಪ್ರಾಣಿಗೆ ಆರು ಅಡಿ!

ನಾನು ಗಡುವು ಕೇಳಿದೆ. ಅಪ್ಪ ಷರತ್ತು ಹಾಕಿದರು. ‘ನಿನ್ನ ಮಾತು ಕೇಳಿದ್ರೆ ಪ್ರಯೋಜನ ಇಲ್ಲ. ನೀನು ಬೆಳಿಗ್ಗೆ ಶಿವಮೊಗ್ಗದ ಬಸ್ ಹತ್ತಿದ್ರೆ ಬರೋದು ಸಂಜೆ. ಯುಗಾದಿಯೊಳಗೆ ನಿನ್ನಮ್ಮ ಒಬ್ಬಳೇ ಅವನನ್ನ ಪೋಸ್ಟ್ ಆಫೀಸ್ ತನಕ ಕರ್ಕೊಂಡು ಹೋಗಿ ಬರಲಿ, ಆಗ ಇಲ್ಲೇ ಇರಲಿ.’ ಅಮ್ಮ ಒಳಗಿನಿಂದಲೇ ಹೇಳಿದರು, ‘ನಾನಂತೂ ಮುಟ್ಟಲ್ಲ’.

ಇಂಥ ಹೊತ್ತಿನಲ್ಲಿ ಸಲಹೆಗಳಿಗೆ ಬರ ಇರುವುದಿಲ್ಲ. ಪಕ್ಕದ ಮನೆ ಅಂಕಲ್ ನಾಯಿಬಾಲದ ಗಾದೆ ಹೇಳಿದರು. ಅದನ್ನು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಕಾಲೇಜಿನ ಗೆಳತಿ ‘ಚೆನ್ನಾಗಿ ಓಡಿಸಿ ಸುಸ್ತು ಮಾಡು, ಸರಿ ಹೋಗ್ತಾನೆ’ ಅಂದಳು. ಹದಿನೈದು ದಿನ ದಿನಾ ಬೆಳಿಗ್ಗೆ ನಾಲ್ಕು ಕಿಲೋಮೀಟರ್ ಓಡಿಸಿದೆವು. ಹದಿನಾರನೇ ದಿನ ಅವನಿಗೆ ಐದು ಕಿಲೋಮೀಟರ್ ಓಡುವ ದಮ್ಮು ಬಂದಿತ್ತು. ನನಗೆ ಮಂಡಿ ನೋವು ಬಂದಿತ್ತು. ಮನೆಗೆ ಬಂದು ಪರೀಕ್ಷಿಸಿದ ತರಬೇತುದಾರರೊಬ್ಬರು ಒಳಗಡೆ ಲೋಹದ ಹಲ್ಲುಗಳಿರುವ ಬೆಲ್ಟ್ ತೋರಿಸಿ, ‘ಇದನ್ನ ಹಾಕಿ ನಾಲ್ಕು ಸಲ ಜಗ್ಗಿ, ಬುದ್ಧಿ ಬರುತ್ತೆ’ ಅಂದರು. ಅಮ್ಮನೇ ಬೇಡ ಅಂದರು. ಪೋರ್ಚುಗಲ್‌ನ ಸಂಶೋಧಕರು 92 ಸಾಕುನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಜಗ್ಗುವುದು, ಗದರುವುದು ಹೆಚ್ಚಿರುವ ತರಗತಿಗಳಲ್ಲಿ ಕಲಿತ ನಾಯಿಗಳ ಜೊಲ್ಲಿನಲ್ಲಿ ತರಬೇತಿಯ ನಂತರ ಒತ್ತಡದ ಹಾರ್ಮೋನ್ ಹೆಚ್ಚಿತ್ತು. ತರಗತಿಯಲ್ಲೂ ಅವು ಆಕಳಿಸುವುದು, ತುಟಿ ನೆಕ್ಕುವುದು, ಮುದುಡಿಕೊಳ್ಳುವುದು ಹೆಚ್ಚು. ಅಮ್ಮ ಈ ಅಧ್ಯಯನ ಓದಿ ಬೇಡ ಅಂದಿದ್ದಲ್ಲ. ಆ ಹಲ್ಲುಗಳನ್ನು ತಮ್ಮ ಬೆರಳಿಗೇ ಒತ್ತಿ ನೋಡಿದ್ದರು.

ಹಾಗೆ ನೋಡಿದರೆ ಚಂಗುವಿನಂಥ ನಾಯಿಗಳನ್ನೇ ಹುಡುಕಿಕೊಂಡು ಹೋಗುವವರೂ ಇದ್ದಾರೆ. ಪೊಲೀಸ್ ಶ್ವಾನದಳದವರಿಗೆ ಸುಮ್ಮನೆ ಮಲಗುವ ಮರಿ ಬೇಡ. ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ಪೊಲೀಸರ ಡಾಬರ್‌ಮನ್ ‘ತುಂಗಾ’ 2020ರಲ್ಲಿ ಕೊಲೆ ಆರೋಪಿಯ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿದ್ದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. 2024ರಲ್ಲಿ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪ್ರಕರಣದಲ್ಲಿ ‘ತುಂಗಾ-2’ ಮಳೆಯಲ್ಲೇ ಸುಮಾರು ಎಂಟು ಕಿಲೋಮೀಟರ್ ಓಡಿ ಆರೋಪಿಯನ್ನು ಹಿಡಿದುಕೊಟ್ಟಿತು. ಅದೇ ನಾಯಿ ಕೆಲಸವಿಲ್ಲದೆ ಯಾರದೋ ಮನೆಯ ಗೇಟಿನೊಳಗಿದ್ದಿದ್ದರೆ ಆ ಬೀದಿಯವರೂ ‘ತೋಟಕ್ಕೆ ಕಳಿಸಿ’ ಅಂತಲೇ ಹೇಳುತ್ತಿದ್ದರೇನೋ.

ರ‍್ಯಾಲಿ ನನ್ನ ಕಣ್ಣಿಗೆ ಬಿದ್ದದ್ದು ಈ ಹುಡುಕಾಟದಲ್ಲಿ. ಶಿವಮೊಗ್ಗದ ಕೆಲವು ನಾಯಿಪ್ರಿಯರು ಸೇರಿ ಅಮೆರಿಕದ ನಿಯಮ ಪುಸ್ತಕವನ್ನೇ ಇಟ್ಟುಕೊಂಡು ಫೆಬ್ರುವರಿಯಲ್ಲಿ ಒಂದು ಅನಧಿಕೃತ ಸ್ಪರ್ಧೆ ಇಟ್ಟುಕೊಂಡಿದ್ದರು. ಬಿರುದು ಇಲ್ಲ, ಬಹುಮಾನದ ಹಣ ಇಲ್ಲ. ಜಾತಿ ನಾಯಿಯೇ ಆಗಬೇಕೆಂದೂ ಇಲ್ಲ. ಅಮೆರಿಕದಲ್ಲೂ 2010ರಿಂದ ಮಿಶ್ರತಳಿಗಳಿಗೆ ಈ ಸ್ಪರ್ಧೆಗೆ ಪ್ರವೇಶ ಇದೆ. ಲಸಿಕೆ ಕಾರ್ಡ್ ಮಾತ್ರ ಕಡ್ಡಾಯ. ನನಗೆ ಹಿಡಿಸಿದ್ದು ಬೋರ್ಡುಗಳು. ನಿಲ್ಲು, ಕೂತ್ಕೋ, ನಿಧಾನ ನಡಿ, ತಿರುಗು, ಮತ್ತೆ ನಡಿ. ಪೋಸ್ಟ್ ಆಫೀಸ್ ತನಕ ಹೋಗಿ ಬರುವುದಕ್ಕೆ ಬೇಕಾದ್ದೂ ಇಷ್ಟೇ ಅಲ್ಲವೇ?

ಅಭ್ಯಾಸಕ್ಕೆ ಜಾಗದ ಚಿಂತೆ ಇರಲಿಲ್ಲ. ಪೇಪರ್ ಟೌನ್ ಕಡೆ ಖಾಲಿ ಬಿದ್ದ ಕ್ವಾರ್ಟರ್ಸ್‌ಗಳ ನಡುವೆ ಬಯಲು ಬೇಕಾದಷ್ಟಿದೆ. ಒಂದು ಕಾಲದಲ್ಲಿ ಅಲ್ಲಿ ಸಂಜೆ ಮಕ್ಕಳ ಗಲಾಟೆಗೆ ಮಾತೇ ಕೇಳಿಸುತ್ತಿರಲಿಲ್ಲವಂತೆ. ಈಗ ಗಿಡಗಂಟಿ, ನವಿಲಿನ ಕೂಗು. ಹಳೆ ಕ್ಯಾಲೆಂಡರ್‌ಗಳ ಹಿಂಭಾಗಕ್ಕೆ ಮಾರ್ಕರಿನಲ್ಲಿ ಬರೆದು ರಟ್ಟಿಗೆ ಅಂಟಿಸಿ ಬೋರ್ಡು ಮಾಡಿಕೊಂಡೆ. ಕೋನ್ ಬದಲಿಗೆ ಮರಳು ತುಂಬಿದ ನೀರಿನ ಬಾಟಲಿಗಳು. ಸುರುಳಿ ಸುತ್ತುವ ಬೋರ್ಡಿಗೆ ನಾನು ಬರೆದ ಚಿತ್ರ ನೋಡಿ ಅಪ್ಪ ‘ಇದೇನು ಚಕ್ಕುಲಿನಾ?’ ಅಂದರು.

ಮೊದಲ ತೊಂದರೆ ಭಾಷೆಯದು. ನಮ್ಮ ಕಡೆ ಮನೆಯಲ್ಲಿ ಅಚ್ಚಕನ್ನಡ ಮಾತಾಡುವವರೂ ನಾಯಿಯ ಜೊತೆ ಮಾತ್ರ ಇಂಗ್ಲಿಷಿಗೆ ಇಳಿಯುತ್ತಾರೆ. ನಾನು ‘ಸಿಟ್’, ಅಪ್ಪ ‘ಸಿಟ್ ಡೌನ್’, ಅಮ್ಮ ‘ಕೂತ್ಕೊಳ್ಳೋ ಮಾರಾಯ’, ಎದುರು ಮನೆ ತಮಿಳು ಅಜ್ಜಿ ‘ಉಕ್ಕಾರು’. ಚಂಗು ನಾಲ್ಕನ್ನೂ ಕೇಳಿ ನಾಲ್ಕಕ್ಕೂ ಬಾಲ ಅಲ್ಲಾಡಿಸುತ್ತಿದ್ದ. ಯಾವ ಭಾಷೆಯಲ್ಲಿ ಹೇಳಬೇಕು ಅನ್ನುವ ನಿಯಮ ರ‍್ಯಾಲಿಯಲ್ಲಿ ಇಲ್ಲ. ಹಾಗಾಗಿ ಅಮ್ಮನ ಬಾಯಿಗೆ ಸುಲಭವಾಗಿ ಬರುವ ಪದಗಳನ್ನೇ ಇಟ್ಟುಕೊಂಡೆವು. ಕೂತ್ಕೋ, ಮಲ್ಕೋ, ಬಾ, ಪಕ್ಕ. ‘ಪಕ್ಕ’ ಅಂದರೆ ಎಡಗಾಲಿನ ಪಕ್ಕ. ಇಂಗ್ಲಿಷಿನಲ್ಲಿ ಅದಕ್ಕೆ ‘ಹೀಲ್’ ಅನ್ನುತ್ತಾರೆ, ನಮ್ಮದೇ ಚೆನ್ನಾಗಿದೆ.

ಎರಡನೆಯದು ಕೂಲಿಯ ಪ್ರಶ್ನೆ. ಬೇಯಿಸಿದ ಕೋಳಿ ಲಿವರ್ ಚೂರುಗಳನ್ನು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಂಡು ಶುರು ಮಾಡಿದೆವು. ಮನೆಯೊಳಗೆ ಅದು ನಡೆಯಿತು. ಹೊರಗೆ ಕಾಗೆ ಹಾರಿದರೆ ಚಂಗುವಿನ ಮಟ್ಟಿಗೆ ಲಿವರೂ ಒಂದೇ, ಕಲ್ಲೂ ಒಂದೇ. ಡೇವಿಡ್ ಪ್ರೀಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರ ಹೆಸರಿನಲ್ಲಿ ಒಂದು ತತ್ವ ಇದೆ. ತುಂಬ ಇಷ್ಟದ ಕೆಲಸವನ್ನು ಅಷ್ಟೇನೂ ಇಷ್ಟವಿಲ್ಲದ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು ಅನ್ನುವುದು ಅದು. ‘ಅಜ್ಜಿಯ ನಿಯಮ’ ಅಂತಲೂ ಕರೆಯುತ್ತಾರೆ, ಯಾಕೆಂದರೆ ಪಲ್ಯ ತಿಂದರೆ ಮಾತ್ರ ಪಾಯಸ ಅನ್ನುವುದನ್ನು ಎಲ್ಲ ಊರಿನ ಅಜ್ಜಿಯರೂ ಅವರಿಗಿಂತ ಮೊದಲೇ ಕಂಡುಹಿಡಿದಿದ್ದಾರೆ. ಚಂಗುವಿಗೆ ಪಾಯಸ ಅಂದರೆ ಅಟ್ಟಿಸಿಕೊಂಡು ಹೋಗುವುದು. ಹಾಗಾದರೆ ಅದನ್ನೇ ಕೂಲಿಯಾಗಿ ಕೊಟ್ಟರೆ?

ಉದ್ದನೆಯ ಬಿದಿರು ಕೋಲಿಗೆ ಹಗ್ಗ ಕಟ್ಟಿ ತುದಿಗೆ ಅಪ್ಪನ ಹಳೆ ಸಾಕ್ಸ್ ಸಿಕ್ಕಿಸಿದೆ. ಒಂದು ಸಲ ಕೂತರೆ, ನನ್ನ ಮುಖ ನೋಡಿದರೆ, ‘ಹಿಡಿ!’ ಅಂತ ಸಾಕ್ಸ್ ಓಡುತ್ತದೆ. ಕೂರದಿದ್ದರೆ ಸಾಕ್ಸ್ ಸತ್ತ ಹಾಗೆ ಬಿದ್ದಿರುತ್ತದೆ. ಮೂರನೇ ದಿನಕ್ಕೆ ಅವನಿಗೆ ಲೆಕ್ಕ ಗೊತ್ತಾಯಿತು. ಕೋಲು ಕಂಡರೆ ಸಾಕು, ಮೈಯೆಲ್ಲ ಗಡಗಡ ನಡುಗಿಸಿಕೊಂಡು ಕೂರುತ್ತಿದ್ದ. ಆಮೇಲೆ ಕೂತ ಮೇಲೆ ಎರಡು ಹೆಜ್ಜೆ ನಡಿಗೆ, ಆಮೇಲೆ ಹತ್ತು, ಆಮೇಲೆ ಒಂದು ತಿರುವು, ಆಮೇಲೆ ಮೂರು ಬೋರ್ಡು, ಕೊನೆಗೊಂದು ಓಟ. ಅವನ ಚುರುಕನ್ನು ನಾವು ಎಲ್ಲೂ ಕಡಿಮೆ ಮಾಡಲಿಲ್ಲ. ಅದಕ್ಕೊಂದು ಹೊತ್ತು ಮತ್ತು ಒಂದು ಬಾಗಿಲು ಗೊತ್ತು ಮಾಡಿಕೊಟ್ಟೆವು. ಸಲಹೆ ಕೊಟ್ಟವರೆಲ್ಲ ಆ ಚುರುಕನ್ನು ಹೇಗಾದರೂ ಖಾಲಿ ಮಾಡಬೇಕಾದ ನೀರಿನ ತೊಟ್ಟಿಯ ಹಾಗೆ ನೋಡಿದ್ದರು. ಅದು ಅವನಿಗೆ ಕೊಡಬಹುದಾದ ಸಂಬಳ ಅಂತ ಆ ಸಾಕ್ಸ್ ತೋರಿಸಿಕೊಟ್ಟಿತು.

ಪಾಠ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ಸಲ. ಅದಕ್ಕಿಂತ ಹೆಚ್ಚಾದರೆ ಅವನು ಕಿವಿಗೆ ಗಾಳಿ ಹೊಕ್ಕ ಕರುವಿನ ಹಾಗೆ ಆಡುತ್ತಿದ್ದ. ಜನವರಿ ಕಳೆದ ಮೇಲೆ ಹನ್ನೊಂದು ಗಂಟೆಯ ಬಿಸಿಲಿಗೆ ಹೋಗಲೇ ಇಲ್ಲ. ನಾಯಿಗೆ ಬೆವರು ಬರುವುದು ಪಾದದಲ್ಲಿ ಮಾತ್ರ, ಉಳಿದದ್ದಕ್ಕೆಲ್ಲ ನಾಲಿಗೆ ಚಾಚಿ ತೇಕಬೇಕು. ಡಾಂಬರಿನ ಮೇಲೆ ನಿಮ್ಮ ಮುಂಗೈ ಹಿಂಭಾಗವನ್ನು ಏಳು ಸೆಕೆಂಡ್ ಇಡಲು ಆಗದಿದ್ದರೆ ಅಲ್ಲಿ ನಾಯಿಯನ್ನು ನಡೆಸಬಾರದು.

ಅಮ್ಮ ದೂರದಿಂದ ನೋಡುತ್ತಿದ್ದರು. ಡಿಸೆಂಬರ್ ಕೊನೆಯ ಒಂದು ಸಂಜೆ ಕಟ್ಟೆ ಮೇಲಿಂದ ಇಳಿದು ಬಂದು, ‘ನಾಯಿ ಇಲ್ಲದೆ ಆ ಬೋರ್ಡು ಸುತ್ತಬಹುದಾ?’ ಅಂತ ಕೇಳಿದರು. ರ‍್ಯಾಲಿಯಲ್ಲಿ ಅದೂ ನಿಯಮವೇ. ಸ್ಪರ್ಧೆಗೆ ಮೊದಲು ಎಲ್ಲರೂ ನಾಯಿಯನ್ನು ಬಿಟ್ಟು, ಬರೀ ಕೈಯಲ್ಲಿ ಮೈದಾನ ಸುತ್ತಿ ದಾರಿ ಗಟ್ಟಿ ಮಾಡಿಕೊಳ್ಳುತ್ತಾರೆ. ಅಮ್ಮ ವಾರವಿಡೀ ಹಾಗೆ ಸುತ್ತಿದರು. ಇಲ್ಲದ ನಾಯಿಗೆ ‘ಕೂತ್ಕೋ’ ಅನ್ನುವುದು, ಇಲ್ಲದ ನಾಯಿಯ ಸುತ್ತ ಪ್ರದಕ್ಷಿಣೆ ಹಾಕುವುದು. ಸೈಕಲ್ಲಿನಲ್ಲಿ ಹೋಗುತ್ತಿದ್ದ ಹುಡುಗರು ನಿಂತು ನೋಡಿದರು. ಆಮೇಲೆ ಎರಡು ಲೀಶ್ ಹಾಕಿದೆವು. ಒಂದು ನನ್ನ ಕೈಯಲ್ಲಿ, ಒಂದು ಅಮ್ಮನ ಎಡಗೈಯಲ್ಲಿ, ಸುತ್ತಿಕೊಳ್ಳದೆ. ಮೊದಲ ದಿನ ಅಮ್ಮನ ಕೈ ನಡುಗಿ ಆ ನಡುಕ ಲೀಶಿನಲ್ಲಿ ಇಳಿದು ಚಂಗುವಿಗೂ ತಲುಪಿತು. ಅವನು ತಲೆ ಎತ್ತಿ ಅಮ್ಮನನ್ನೇ ನೋಡುತ್ತಾ ನಡೆದ. ನಾಲ್ಕು ಹೆಜ್ಜೆ ಅಷ್ಟೇ. ಅಮ್ಮ ಲೀಶ್ ನನ್ನ ಕೈಗೆ ಕೊಟ್ಟು ‘ಸಾಕು ಇವತ್ತಿಗೆ’ ಅಂದರು.

ಸ್ಪರ್ಧೆಯ ದಿನ ಮಾವನ ಸ್ನೇಹಿತರ ಓಮ್ನಿಯಲ್ಲಿ ಹೊರಟೆವು. ಶಿವಮೊಗ್ಗ ದೂರವೇನಲ್ಲ, ಅರ್ಧ ಗಂಟೆಯ ದಾರಿ. ಆದರೆ ಚಂಗುವಿಗೆ ಕಿಟಕಿಯಾಚೆ ಓಡುವ ಮರಗಳನ್ನೆಲ್ಲ ಅಟ್ಟಿಸಿಕೊಂಡು ಹೋಗಬೇಕು. ಕಿಟಕಿಗೆ ಟವೆಲ್ ಕಟ್ಟಿದೆವು. ಮೈದಾನದಲ್ಲಿ ಹನ್ನೊಂದು ಜೋಡಿಗಳಿದ್ದವು. ನಾಲ್ಕು ಲ್ಯಾಬ್ರಡಾರ್ (‘777 ಚಾರ್ಲಿ’ ಬಂದ ಮೇಲೆ ಮನೆಗೆ ಬಂದವು ಅಂತ ಇಬ್ಬರು ತಾವಾಗೇ ಹೇಳಿದರು), ಜರ್ಮನ್ ಶೆಫರ್ಡ್‌ಗಳು, ಒಂದು ಬೀಗಲ್, ಮೂರು ನಾಡನಾಯಿಗಳು, ಮತ್ತೆ ನಾವು. ಬೀಗಲ್ ಮೂಗು ನೆಲದಿಂದ ಮೇಲೆ ಎತ್ತಲೇ ಇಲ್ಲ. ನಿವೃತ್ತರೊಬ್ಬರ ದಪ್ಪ ಲ್ಯಾಬ್ರಡಾರ್ ದೇವಸ್ಥಾನಕ್ಕೆ ಪ್ರದಕ್ಷಿಣೆ ಬರುವ ಹಾಗೆ ನಿಧಾನವಾಗಿ ಬಂದು ನೂರಕ್ಕೆ 97 ತೆಗೆಯಿತು. ಎಲ್ಲರಿಗಿಂತ ಹೆಚ್ಚು ಸಮಯ ತೆಗೆದುಕೊಂಡಿದ್ದೂ ಅದೇ, ಮೊದಲ ಸ್ಥಾನವೂ ಅದಕ್ಕೇ.

ನಮ್ಮದು ಏಳನೇ ಸರದಿ. ಅಂಗಣದೊಳಗೆ ತಿಂಡಿ ತರುವ ಹಾಗಿಲ್ಲ. ನಾನು ಸಾಕ್ಸ್ ಕಟ್ಟಿದ ಕೋಲನ್ನು ಹೊರಗೆ ಅಮ್ಮನ ಕೈಗೆ ಕೊಟ್ಟು, ಚಂಗುವಿಗೆ ಅದು ಎಲ್ಲಿದೆ ಅಂತ ತೋರಿಸಿ ಒಳಗೆ ಹೋದೆ. ಹನ್ನೆರಡು ಬೋರ್ಡುಗಳು. ಮೊದಲನೆಯದರಲ್ಲಿ ಕೂತ. ಎರಡು, ಮೂರು ತಿರುವುಗಳು, ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ನಾಲ್ಕರಲ್ಲಿ ಕೋನ್‌ಗಳ ನಡುವೆ ಹಾವಿನಂತೆ ಸಾಗಬೇಕು, ಬೀಸಿದ ಬಾಲ ಒಂದು ಕೋನಿಗೆ ತಾಗಿತು. ಐದರಲ್ಲಿ ನಿಧಾನ ನಡಿಗೆ. ಮುಧೋಳ ರಕ್ತಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ, ಲೀಶ್ ಎರಡು ಸಲ ಬಿಗಿಯಾಯಿತು. ಆರರಲ್ಲಿ ಮತ್ತೆ ಮಾಮೂಲಿ ನಡಿಗೆ. ಏಳನೆಯದು ನಾನು ಹೆದರಿದ್ದ ಬೋರ್ಡು. ಕೂರಿಸಿ, ಅವನನ್ನು ಅಲ್ಲೇ ಬಿಟ್ಟು ಸುತ್ತಲೂ ಒಂದು ಸುತ್ತು ಬರಬೇಕು. ಬೆನ್ನ ಹಿಂದೆ ಹೋದಾಗ ಅವನಿಗೆ ನಾನು ಕಾಣುವುದಿಲ್ಲ. ಕಿವಿ ಮಾತ್ರ ನನ್ನ ಹೆಜ್ಜೆ ಸದ್ದಿನ ಜೊತೆ ತಿರುಗುತ್ತಾ ಬಂತು, ಮೈ ಕದಲಲಿಲ್ಲ. ಮೈದಾನದ ಆಚೆ ಯಾರೋ ಬೈಕ್ ಸ್ಟಾರ್ಟ್ ಮಾಡಿದರು. ಆಗಲೂ ಕದಲಲಿಲ್ಲ.

ಎಂಟು, ವೇಗದ ನಡಿಗೆ. ಚಂಗು ‘ಅಬ್ಬಾ, ಈಗ ಸರಿ’ ಅಂದುಕೊಂಡಿರಬೇಕು. ಅಲ್ಲಿ ಒಂದು, ಒಂಬತ್ತರಲ್ಲಿ ಮಾಮೂಲಿ ನಡಿಗೆಗೆ ಇಳಿಸುವಾಗ ಇನ್ನೊಂದು ಅಂಕ ಹೋಯಿತು. ಹತ್ತರಲ್ಲಿ ಎದುರು ಬಂದು ನೇರವಾಗಿ ಕೂರುವ ಬದಲು ಅಡ್ಡ ಕೂತ. ಮತ್ತೊಮ್ಮೆ ಮಾಡಿಸಿ ಮೂರು ಕೊಟ್ಟೆ. ಹನ್ನೊಂದರಲ್ಲಿ ‘ಮಲ್ಕೋ’ ಅನ್ನುವ ಹೊತ್ತಿಗೆ ಸರಿಯಾಗಿ ಕಾಗೆಯೊಂದು ಅಂಗಣದ ಒಳಗೇ ಬಂದು ಇಳಿಯಿತು. ಅವನ ಕಣ್ಣು ಅದಕ್ಕೆ ಅಂಟಿಕೊಂಡಿತು, ಮುಂಗಾಲು ಒಂದು ಎದ್ದಿತು. ಇಲ್ಲೂ ಮತ್ತೊಮ್ಮೆ ಪ್ರಯತ್ನಿಸಬಹುದಿತ್ತು. ಆದರೆ ಆ ಹೊತ್ತಿನಲ್ಲಿ ಅವನು ಓಡದೆ ನಿಂತಿದ್ದೇ ದೊಡ್ಡದು. ಅದರ ಮೇಲೆ ಮಲಗು ಅಂತ ಜಗಳ ಕಾಯುವುದು ಬೇಡ ಅನ್ನಿಸಿ ಹತ್ತು ಅಂಕ ಬಿಟ್ಟುಕೊಟ್ಟು ‘ಪಕ್ಕ’ ಅಂದೆ. ಕಾಗೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಪಕ್ಕಕ್ಕೆ ಬಂದ. ಹನ್ನೆರಡನೆಯ ಬೋರ್ಡಿನಲ್ಲಿ ಕೂತು ಮುಗಿಸಿದ. ಕೋನಿಗೆ ಒಂದು, ಲೀಶಿಗೆ ನಾಲ್ಕು, ಮರುಪ್ರಯತ್ನಕ್ಕೆ ಮೂರು, ಕಾಗೆಗೆ ಹತ್ತು. ಉಳಿದದ್ದು 82, ಆರನೇ ಸ್ಥಾನ. ಹೊರಗೆ ಬಂದ ತಕ್ಷಣ ಅಮ್ಮ ಕೋಲು ಬೀಸಿದರು. ಚಂಗುವಿನ ಓಟ ನೋಡಿ ಮೊದಲ ಸ್ಥಾನದ ಅಂಕಲ್ ಚಪ್ಪಾಳೆ ತಟ್ಟಿದರು, ಅವರ ಲ್ಯಾಬ್ರಡಾರ್ ನಿದ್ದೆ ಮಾಡುತ್ತಿತ್ತು.

ಪ್ರಮಾಣಪತ್ರ ಫ್ರಿಜ್ಜಿನ ಮೇಲೆ ಅಂಟಿಕೊಂಡಿತು. ಅಪ್ಪನ ಷರತ್ತು ಹಾಗೇ ಇತ್ತು. ಅಮ್ಮ ಫೆಬ್ರುವರಿ ಪೂರ್ತಿ ಎರಡು ಲೀಶಿನಲ್ಲಿ ನಡೆದರು, ಮಾರ್ಚ್ ಮೊದಲ ವಾರ ಒಂದರಲ್ಲಿ. ಒಂದು ಬೆಳಿಗ್ಗೆ ನಾನು ಶಿವಮೊಗ್ಗದ ಬಸ್ಸಿನಲ್ಲಿದ್ದಾಗ ಅಪ್ಪ ಫೋನ್ ಮಾಡಿದರು. ಅಮ್ಮ ಯಾರಿಗೂ ಹೇಳದೆ ಚಂಗುವನ್ನು ಕರೆದುಕೊಂಡು ಹೊರಟಿದ್ದಾರೆ, ಅಪ್ಪ ಐವತ್ತು ಅಡಿ ಹಿಂದೆ ಮರೆಯಲ್ಲಿ ಹೋಗುತ್ತಿದ್ದಾರೆ. ಅಲ್ಲಿಂದ ವೀಕ್ಷಕ ವಿವರಣೆ ಶುರುವಾಯಿತು. ‘ಈಗ ತಿರುವು ದಾಟಿದ್ಲು. ಒಂದು ಸ್ಕೂಟಿ ಬರ್ತಿದೆ... ನಿಂತ್ಲು. ಏನೋ ಹೇಳಿದ್ಲು. ಕೂತ ಕಣೇ! ಸ್ಕೂಟಿ ಹೋಯ್ತು, ಕೂತೇ ಇದಾನೆ.’ ಬಸ್ಸಿನಲ್ಲಿ ಪಕ್ಕ ಕೂತಿದ್ದವರು ಯಾವ ಮ್ಯಾಚು ಅಂತ ಕೇಳಿದರು. ವಾಪಸ್ ಬರುವ ದಾರಿಯಲ್ಲಿ ಕೋಳಿಗಳನ್ನು ನೋಡಿ ಒಮ್ಮೆ ಜಗ್ಗಿದನಂತೆ. ಅಮ್ಮ ಲೀಶಿನ ತುದಿಯನ್ನು ಬಿಡಲೂ ಇಲ್ಲ, ಸುತ್ತಿಕೊಳ್ಳಲೂ ಇಲ್ಲ. ನಿಂತು, ‘ಪಕ್ಕ’ ಅಂದು, ಅವನು ಬರುವ ತನಕ ಕಾದರು.

ಅಪ್ಪ ಆ ಸಂಜೆ ದೊಡ್ಡಪ್ಪನಿಗೆ ಫೋನ್ ಮಾಡಿ, ತೋಟಕ್ಕೆ ಬೇರೆ ನಾಯಿ ನೋಡಿಕೊಳ್ಳಿ ಅಂದರು. ಕಾರಣ ಕೇಳಿದ್ದಕ್ಕೆ, ‘ಇವನು ಯೂನಿಯನ್ ಸೇರಿಬಿಟ್ಟಿದ್ದಾನೆ’ ಅಂದರು.

ಮಳೆಗಾಲ ಮುಗಿದ ಮೇಲೆ ಇನ್ನೊಂದು ಸ್ಪರ್ಧೆ ಇಡುತ್ತಾರಂತೆ. ಅದಕ್ಕಾಗಿ ಸುರುಳಿ ಬೋರ್ಡುಗಳನ್ನು ಕಲಿಯುತ್ತಿದ್ದೇವೆ. ಬಲಕ್ಕೆ ಸುತ್ತುವಾಗ ನಾಯಿ ಹೊರಗಡೆ ಇರುವುದರಿಂದ ವೇಗವಾಗಿ ಬರಬೇಕು, ಅದು ಚಂಗುವಿಗೆ ಹಬ್ಬ. ಎಡಕ್ಕೆ ಸುತ್ತುವಾಗ ಅವನು ಒಳಗಡೆ, ನಿಧಾನವಾಗಿ ಬರಬೇಕು. ಅಲ್ಲಿ ಇನ್ನೂ ದಿನಾ ನನ್ನ ಕಾಲು ತುಳಿಯುತ್ತಾನೆ. ಅಮ್ಮನ ಕಾಲು ತುಳಿಯುವುದಿಲ್ಲ.